ಅಂಗಡಿಯವನ ಲೆಕ್ಕ ಬೇರೆ, ಗುತ್ತಿಗೆದಾರನ ಲೆಕ್ಕ ಬೇರೆ

(ಡೊಂಬಿವಿಲಿ ಪೂರ್ವದ ನಮ್ಮ ಕನ್ನಡ ಬಳಗದ ಭಾನುವಾರದ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ. ಪುನರುಕ್ತಿಗಳನ್ನು ತೆಗೆದಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಮೊದಲು ತಲೆಯ ಮೇಲೆ ತಿರುಗುತ್ತಿರುವ ಫ್ಯಾನುಗಳನ್ನೊಮ್ಮೆ ನೋಡಿ. ಒಟ್ಟು ಎಂಟು. ನಾಲ್ಕು ವರ್ಷಗಳ ಹಿಂದೆ ಇವನ್ನು ಹಾಕಿ, ಹಳೆಯ ವೈರಿಂಗ್ ಬದಲಿಸಿಕೊಟ್ಟವನು ನಾನೇ. ಆ ಬಿಲ್ಲಿನಲ್ಲಿ 2,400 ರೂಪಾಯಿ ಇನ್ನೂ ಬರಬೇಕೆಂದು ನನ್ನ ಪುಸ್ತಕ ಹೇಳುತ್ತದೆ. ಬಳಗದ ಪುಸ್ತಕದಲ್ಲಿ ಪೂರ್ತಿ ಸಂದಾಯವಾಗಿದೆ ಎಂದಿದೆಯಂತೆ. ಕಾರ್ಯದರ್ಶಿಗಳು ಈಗ ನಗುತ್ತಿದ್ದಾರೆ. ಆದರೆ ನಾಲ್ಕು ವರ್ಷಗಳಿಂದ ಈ ವಿಷಯದ ಹತ್ತಿರ ಬಂದಾಗಲೆಲ್ಲ ನಾವಿಬ್ಬರೂ ಮಳೆಯ ಬಗ್ಗೆ ಮಾತಾಡಿ ಜಾರಿಕೊಂಡಿದ್ದೇವೆ. ಆ 2,400ರ ಕಥೆಗೆ ಆಮೇಲೆ ಬರುತ್ತೇನೆ.

ನನ್ನನ್ನು ಇಲ್ಲಿ ನಿಲ್ಲಿಸಿದ್ದು ಲೆಕ್ಕ ಬರೆಯಲು ಯಾವ ಆ್ಯಪ್ ಒಳ್ಳೆಯದು ಎಂದು ಹೇಳುವುದಕ್ಕೆ. ನಾನು ಲೆಕ್ಕಪರಿಶೋಧಕನಲ್ಲ, ಎಲೆಕ್ಟ್ರಿಕಲ್ ಗುತ್ತಿಗೆದಾರ. ಮೂವತ್ತು ವರ್ಷಗಳಲ್ಲಿ ನೋಟ್‌ಬುಕ್, ಕಂಪ್ಯೂಟರ್, ಎಕ್ಸೆಲ್, ಎರಡು ಮೊಬೈಲ್ ಆ್ಯಪ್, ಎಲ್ಲವನ್ನೂ ಬಳಸಿದ್ದೇನೆ, ಎಲ್ಲದರಲ್ಲೂ ಒಮ್ಮೆಯಾದರೂ ಕೈ ಸುಟ್ಟುಕೊಂಡಿದ್ದೇನೆ. ಆ ಸುಟ್ಟ ಗಾಯಗಳೇ ನನ್ನ ಅರ್ಹತೆ. ಎದುರಿಗೆ ಪ್ಲಂಬಿಂಗ್, ಪೇಂಟಿಂಗ್, ಫಾಲ್ಸ್ ಸೀಲಿಂಗ್ ಕೆಲಸದವರಿದ್ದೀರಿ. ಅಡುಗೆ ಗುತ್ತಿಗೆಯವರಿದ್ದೀರಿ. ಹಿಂದಿನ ಸಾಲಿನಲ್ಲಿ ಮನೆಯಿಂದಲೇ ಡಿಸೈನ್ ಕೆಲಸ ಮಾಡುವ ಇಬ್ಬರು ಹೆಣ್ಣುಮಕ್ಕಳಿದ್ದಾರೆ. ನಮ್ಮೆಲ್ಲರಿಗೂ ಸಾಮಾನ್ಯವಾದದ್ದು ಒಂದೇ: ಒಂದನೆಯ ತಾರೀಕಿಗೆ ಸಂಬಳ ಕೊಡುವವರು ಯಾರೂ ಇಲ್ಲ.

ನಾನು ಲೆಕ್ಕ ಕಲಿತದ್ದು ಮಾಟುಂಗಾದ ಒಂದು ಹೋಟೆಲಿನಲ್ಲಿ. ಕುಂದಾಪುರದ ಕಡೆಯಿಂದ ಮಾವನ ಜೊತೆ ಬಂದಾಗ ನನಗೆ ಹದಿಮೂರು ವರ್ಷ. ಹಗಲು ಹೋಟೆಲಿನ ಮಾಣಿ, ರಾತ್ರಿ ಕನ್ನಡ ರಾತ್ರಿ ಶಾಲೆಯ ವಿದ್ಯಾರ್ಥಿ. ಶಾಲೆ ಮುಗಿಸಿ ಬರುವ ಹೊತ್ತಿಗೆ ಶಟರ್ ಅರ್ಧ ಇಳಿದಿರುತ್ತಿತ್ತು. ಮಾವ ಗಲ್ಲಾಪೆಟ್ಟಿಗೆ ಬರಿದು ಮಾಡಿ ನೋಟು, ಚಿಲ್ಲರೆಗಳನ್ನು ಬೇರೆ ಬೇರೆ ಗುಡ್ಡೆ ಹಾಕುತ್ತಿದ್ದರು. ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ಪುಸ್ತಕ. ಎಡಕ್ಕೆ ಜಮಾ, ಬಲಕ್ಕೆ ಖರ್ಚು: ಹಾಲು, ತೆಂಗಿನಕಾಯಿ, ಉದ್ದಿನಬೇಳೆ, ಗ್ಯಾಸು. ನಾಲ್ಕಾಣೆ ತಾಳೆಯಾಗದಿದ್ದರೆ ಯಾರೂ ಮಲಗುವಂತಿಲ್ಲ. “ಮಾಣಿ, ಲೆಕ್ಕ ಇಡ್ಲಿ ಹಿಟ್ಟಿಗಿಂತ ಬೇಗ ಹುಳಿ ಬರುತ್ತದೆ, ಇವತ್ತಿನದನ್ನು ಇವತ್ತೇ ಬರೆಯಬೇಕು” ಎನ್ನುತ್ತಿದ್ದರು.

1994ರಲ್ಲಿ ಸ್ವಂತ ಕೆಲಸ ಶುರು ಮಾಡಿದಾಗ ಆ ಶಿಸ್ತನ್ನೇ ತಂದೆ. ಪ್ರತಿ ರಾತ್ರಿ ಜಮಾ ಖರ್ಚು ಬರೆದೆ. ಎರಡು ವರ್ಷ ಒಂದು ದಿನವೂ ತಪ್ಪಿಸದೆ ಬರೆದ ಮೇಲೂ, ನಾನು ಲಾಭದಲ್ಲಿದ್ದೇನೋ ನಷ್ಟದಲ್ಲಿದ್ದೇನೋ ನನಗೆ ಗೊತ್ತಿರಲಿಲ್ಲ. ಮಾವನ ಪುಸ್ತಕದಲ್ಲಿ ತಪ್ಪಿರಲಿಲ್ಲ, ಆದರೆ ಅದು ಹೋಟೆಲಿನ ಪುಸ್ತಕ. ಹೋಟೆಲಿನ ಲೆಕ್ಕ ದಿನಕ್ಕೊಮ್ಮೆ ಮುಗಿಯುತ್ತದೆ. ಉಂಡವನು ಕೈ ತೊಳೆದು, ದುಡ್ಡು ಕೊಟ್ಟು, ಬಾಯಿಗೆ ಸೋಂಪು ಹಾಕಿಕೊಂಡು ಹೋಗುತ್ತಾನೆ, ಅವನ ಕಥೆ ಅಲ್ಲಿಗೆ ಮುಗಿಯಿತು. ನಮ್ಮ ಕಥೆ ಹಾಗಲ್ಲ. ಜೂನ್‌ನಲ್ಲಿ ಮುಂಗಡ, ಆಗಸ್ಟ್‌ನಲ್ಲಿ ಗೋಡೆಯೊಳಗೆ ಪೈಪು, ದೀಪಾವಳಿಗೆ ಅರ್ಧ ಬಿಲ್ಲು, ಮಾರ್ಚ್‌ನಲ್ಲಿ ಕೊನೆಯ ಬಿಲ್ಲು, ಅದರಲ್ಲಿ ತಡೆಹಿಡಿದ ಹಣ ಮರುವರ್ಷದ ಮಾರ್ಚ್‌ನಲ್ಲಿ. ಇಂತಹ ಆರು ಕೆಲಸಗಳು ಒಂದರ ಮೈಮೇಲೆ ಒಂದು. ನಮ್ಮ ಲೆಕ್ಕದ ಘಟಕ ದಿನವಲ್ಲ, ಸೈಟು, ಅಂದರೆ ಕೆಲಸ ನಡೆಯುವ ಜಾಗ.

ಮಾರುಕಟ್ಟೆಯಲ್ಲಿ ಅಗ್ಗಕ್ಕೆ ಸಿಗುವ ಆ್ಯಪ್‌ಗಳಲ್ಲಿ ಬಹುಪಾಲು ಅಂಗಡಿಯವನನ್ನು ಕಣ್ಣಮುಂದಿಟ್ಟುಕೊಂಡು ಮಾಡಿದವು. ತೆರೆದ ಕೂಡಲೇ ಅವು ನಿಮ್ಮ ಸರಕಿನ ಪಟ್ಟಿ ಕೇಳುತ್ತವೆ: ವಸ್ತು, ದರ, ದಾಸ್ತಾನು. ಉದ್ರಿ ಬರೆದಿಟ್ಟು ಗಿರಾಕಿಗೆ ನೆನಪಿನ ಸಂದೇಶ ಕಳುಹಿಸುವ ಖಾತಾಬುಕ್, ಓಕೆಕ್ರೆಡಿಟ್‌ನಂಥವು ಕಿರಾಣಿ ಅಂಗಡಿಗೆ ವರದಾನ. ಅಂಗಡಿಯವನು ಕೇಳುವುದು ಯಾರು ಎಷ್ಟು ಬಾಕಿ ಎಂದು. ಗುತ್ತಿಗೆದಾರ ಕೇಳಬೇಕಾದದ್ದು ಯಾವ ಕೆಲಸದಲ್ಲಿ ಎಷ್ಟು ಉಳಿಯಿತು ಎಂದು. ಮೊದಲ ಪ್ರಶ್ನೆಗೆ ಉತ್ತರ ಕೊಡುವ ಸಾಧನ ಎರಡನೆಯದಕ್ಕೂ ಕೊಡುತ್ತದೆಂಬ ಖಾತ್ರಿಯಿಲ್ಲ. ನಾನು ಎರಡು ವರ್ಷ ಒಂದು ಆ್ಯಪ್ ಬಳಸಿದೆ. ಬಿಲ್ಲು ಚೆಂದವಾಗಿ ಬರುತ್ತಿತ್ತು, ಮೇಲೆ ನನ್ನ ಹೆಸರು, ಮೂಲೆಯಲ್ಲಿ ಬಲ್ಬಿನ ಚಿತ್ರ. ವರ್ಷದ ಕೊನೆಗೆ ಲಾಭವನ್ನೂ ತೋರಿಸಿತು. ಮಗಳು ಬಿ.ಕಾಂ. ಓದುತ್ತಿದ್ದಳು. “ಅಪ್ಪಾ, ಹನ್ನೊಂದು ಸೈಟುಗಳಲ್ಲಿ ಯಾವುದರಿಂದ ಬಂದ ಲಾಭ ಇದು?” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಇಬ್ಬರೂ ಕುಳಿತು ಚೀಟಿಗಳನ್ನೆಲ್ಲ ಸೈಟುವಾರು ಗುಡ್ಡೆ ಹಾಕಿದೆವು, ಮಾವ ಚಿಲ್ಲರೆ ಗುಡ್ಡೆ ಹಾಕಿದಂತೆ. ಮೂರು ಸೈಟುಗಳು ನಷ್ಟ. ಅದರಲ್ಲಿ ವಾಶಿಯದ್ದು ನಾನು ಹೆಮ್ಮೆಯಿಂದ ಎಲ್ಲರಿಗೂ ತೋರಿಸುತ್ತಿದ್ದ ಕೆಲಸ. ಡೊಂಬಿವಿಲಿಯಿಂದ ವಾಶಿಗೆ ದಿನವೂ ಹುಡುಗರನ್ನು ಕಳುಹಿಸಿದ ಖರ್ಚು, ಮಾಲೀಕರು ಮೂರು ಸಲ ಪಾಯಿಂಟು ಬದಲಿಸಿದ್ದಕ್ಕೆ ನಾನು ಬಿಲ್ಲೇ ಮಾಡದ ಹೆಚ್ಚುವರಿ ಕೆಲಸ, ಎರಡೂ ಸೇರಿ ಲಾಭವನ್ನು ನುಂಗಿದ್ದವು. ಅದೇ ಮಾಲೀಕರ ಎರಡನೆಯ ಕೆಲಸವನ್ನು ಅದೇ ದರಕ್ಕೆ ಒಪ್ಪಿಕೊಂಡು ಆಗಲೇ ತಿಂಗಳಾಗಿತ್ತು.

ಆದ್ದರಿಂದ ಯಾವ ಸಾಧನ ಕೊಳ್ಳುವ ಮೊದಲೂ ಅದರ ಮಾರಾಟಗಾರನಿಗೆ ನಾನು ಕೇಳುವ ಮೊದಲ ಪ್ರಶ್ನೆ ಬೆಲೆಯದಲ್ಲ. “ಒಂದು ಖರ್ಚನ್ನು ಬರೆಯುವಾಗಲೇ ಅದರ ಮೇಲೆ ಸೈಟಿನ ಹೆಸರು ಅಂಟಿಸಬಹುದೇ? ವರ್ಷದ ಕೊನೆಗೆ ಸೈಟುವಾರು ಲಾಭ ನಷ್ಟ ತೆಗೆಯಬಹುದೇ?” ಎಂದು ಕೇಳುತ್ತೇನೆ. ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಇದಕ್ಕೆ ಕಾಸ್ಟ್ ಸೆಂಟರ್ ಎಂಬ ವ್ಯವಸ್ಥೆ ಇದೆ. ಜೋಹೋ ಬುಕ್ಸ್‌ನಲ್ಲಿ ಪ್ರಾಜೆಕ್ಟ್ ಎಂದು ಇದೆ. ಎಕ್ಸೆಲ್‌ನಲ್ಲಿ ಒಂದು ಕಾಲಂ ಹೆಚ್ಚು ಹಾಕಿದರಾಯಿತು. ನೋಟ್‌ಬುಕ್ಕಿನಲ್ಲಿ ಒಂದು ಸೈಟಿಗೆ ನಾಲ್ಕು ಹಾಳೆ ಬಿಟ್ಟರಾಯಿತು.

ಎರಡನೆಯ ಪ್ರಶ್ನೆ ಇನ್ನೂ ಮುಖ್ಯ, ಅದಕ್ಕೆ ಒಂದು ಬಿಲ್ಲನ್ನು ಬಿಡಿಸಿ ನೋಡಬೇಕು. ಒಂದು ಕಂಪನಿಯ ಕಚೇರಿಗೆ ವೈರಿಂಗ್ ಮಾಡಿಕೊಟ್ಟಿರಿ ಎಂದುಕೊಳ್ಳಿ. ಕೆಲಸದ ಬೆಲೆ 2,00,000 ರೂಪಾಯಿ. ಜಿಎಸ್‌ಟಿ ಶೇ 18, ಅಂದರೆ 36,000. ಬಿಲ್ಲು 2,36,000. ಕಂಪನಿ ಶೇ 1 ಟಿಡಿಎಸ್ ಹಿಡಿಯುತ್ತದೆ, ಅಂದರೆ ನಿಮ್ಮ ಆದಾಯ ತೆರಿಗೆಯ ಲೆಕ್ಕಕ್ಕೆ ಮೊದಲೇ ಮುರಿದುಕೊಳ್ಳುತ್ತದೆ. ಬಿಲ್ಲಿನಲ್ಲಿ ಜಿಎಸ್‌ಟಿಯನ್ನು ಬೇರೆಯಾಗಿ ತೋರಿಸಿದ್ದರೆ ಈ ಶೇ 1 ಮೂಲ ಬೆಲೆಯ ಮೇಲೆ ಮಾತ್ರ, 2,000. ಒಪ್ಪಂದದಲ್ಲಿ ಶೇ 5 ರಿಟೆನ್ಷನ್ ಎಂದಿದೆ, 10,000. ಒಂದು ವರ್ಷ ದೋಷ ಕಾಣಿಸದಿದ್ದರೆ ಅದು ವಾಪಸು. ನಿಮ್ಮ ಬ್ಯಾಂಕಿಗೆ ಬಂದದ್ದು 2,24,000.

ಬಹುಪಾಲು ಜನ ಇಲ್ಲಿ ಒಂದೇ ಸಾಲು ಬರೆಯುತ್ತಾರೆ: ಕಂಪನಿಯಿಂದ ಜಮಾ 2,24,000. ಈ ಒಂದು ಸಾಲು ನಾಲ್ಕು ಸುಳ್ಳು ಹೇಳುತ್ತದೆ. ಬಂದ ಹಣದಲ್ಲಿ 36,000 ನಿಮ್ಮದಲ್ಲ, ಸರ್ಕಾರದ್ದು, ನಿಮ್ಮ ಜೇಬಿನಲ್ಲಿ ಕೆಲವು ದಿನ ವಿಶ್ರಾಂತಿ ಪಡೆಯಲು ಬಂದಿದೆ. ಬಾರದ 2,000 ನಿಮ್ಮದು, ನಿಮ್ಮ ಪ್ಯಾನ್ ಹೆಸರಿನಲ್ಲಿ ತೆರಿಗೆ ಖಾತೆಯಲ್ಲಿ ಕುಳಿತಿರಬೇಕು. ಬಾರದ 10,000 ಕೂಡ ನಿಮ್ಮದು, ಮುಂದಿನ ವರ್ಷ ನೆನಪಿಟ್ಟು ಕೇಳಿದರೆ ಮಾತ್ರ ಸಿಗುತ್ತದೆ. ನಿಮ್ಮ ನಿಜವಾದ ಆದಾಯ 2,24,000 ಅಲ್ಲ, 2,00,000. ರಿಟೆನ್ಷನ್ ಯಾರೂ ತಾನಾಗಿ ತಂದುಕೊಡುವುದಿಲ್ಲ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎಂದು ನಮ್ಮವರು ಸುಮ್ಮನೆ ಹೇಳಿದ್ದಲ್ಲ. ನನ್ನ ಹಳೆಯ ಡೈರಿಗಳನ್ನು ತಿರುವಿದಾಗ ಕೇಳಲು ಮರೆತ ರಿಟೆನ್ಷನ್‌ಗಳು ಐದು ಸಿಕ್ಕವು. ಅವುಗಳಲ್ಲಿ ಎರಡನ್ನು ಕೊಡಬೇಕಾದ ಕಂಪನಿಗಳೇ ಈಗಿಲ್ಲ.

ಟಿಡಿಎಸ್‌ನ ಪಾಡು ಇನ್ನೊಂದು. ನಮ್ಮಂಥ ಬಿಡಿ ಗುತ್ತಿಗೆದಾರರಿಗೆ ಒಂದು ಸಲಕ್ಕೆ 30,000 ದಾಟಿದರೆ, ಅಥವಾ ವರ್ಷದಲ್ಲಿ ಒಟ್ಟು ಒಂದು ಲಕ್ಷ ದಾಟಿದರೆ ಕಂಪನಿ ಅದನ್ನು ಹಿಡಿಯಲೇಬೇಕು. ಸ್ವಂತ ಮನೆಗೆ ಕೆಲಸ ಮಾಡಿಸುವ ಗೃಹಸ್ಥರು ಸಾಮಾನ್ಯವಾಗಿ ಹಿಡಿಯಬೇಕಾಗಿಲ್ಲ. ಒಬ್ಬ ಬಿಲ್ಡರು ಎರಡು ವರ್ಷ ನನ್ನ ಪ್ರತಿ ಬಿಲ್ಲಿನಿಂದ ಟಿಡಿಎಸ್ ಹಿಡಿದರು. ಹಿಡಿದದ್ದು ನಿಜ, ಕಟ್ಟಿದ್ದೂ ನಿಜ, ಆದರೆ ಬೇರೆ ಯಾರದ್ದೋ ಪ್ಯಾನ್ ಸಂಖ್ಯೆಗೆ. ಒಂದು ಅಕ್ಷರದ ತಪ್ಪು. 26ಎಎಸ್ ಎಂದು ನಾವು ಕರೆಯುವ ತೆರಿಗೆ ಜಮಾ ಪಟ್ಟಿಯನ್ನು ನಾನು ತೆರೆದು ನೋಡಿದ್ದೇ ಎರಡು ವರ್ಷಗಳ ನಂತರ. ಅದನ್ನು ಸರಿಪಡಿಸಿಕೊಳ್ಳಲು ಅವರ ಕಚೇರಿಗೆ ಅಲೆದ ರೈಲು ಖರ್ಚನ್ನು ಯಾವ ಸೈಟಿಗೆ ಬರೆಯಬೇಕೆಂದು ಇಂದಿಗೂ ತಿಳಿದಿಲ್ಲ. ನನ್ನ ಎರಡನೆಯ ಪ್ರಶ್ನೆ ಅದೇ: ನೀವು ಆರಿಸುವ ಸಾಧನದಲ್ಲಿ ಟಿಡಿಎಸ್‌ಗೆ, ರಿಟೆನ್ಷನ್‌ಗೆ, ಜಿಎಸ್‌ಟಿಗೆ ಬೇರೆ ಬೇರೆ ಖಾತೆ ಇದೆಯೇ? ಇರಲೇಬೇಕು. “ರಿಯಾಯಿತಿ” ಎಂಬ ಒಂದೇ ಡಬ್ಬಿಗೆ ಮೂರನ್ನೂ ತುರುಕುವ ಆ್ಯಪ್ ಕಂಡರೆ ಅಲ್ಲಿಂದಲೇ ನಮಸ್ಕಾರ ಹಾಕಿ.

ಈಗ ಸಾಮಾನ್ಯವಾಗಿ ಏಳುವ ಮಾತು: “ನಾನು 44ಎಡಿಯಲ್ಲಿ ರಿಟರ್ನ್ ಹಾಕುತ್ತೇನೆ, ನನಗೆ ಪುಸ್ತಕವೇ ಬೇಡ.” ಅರ್ಧ ಸತ್ಯ. 44ಎಡಿ ಎಂದರೆ ಅಂದಾಜು ಲಾಭದ ಮೇಲೆ ತೆರಿಗೆ ಕಟ್ಟಲು ಬಿಡುವ ಆದಾಯ ತೆರಿಗೆ ಕಲಮು. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಎಂದಾದ ಮೇಲೆ ಕಲಮುಗಳ ಸಂಖ್ಯೆಗಳೆಲ್ಲ ಬದಲಾದವು. ಆದರೂ ಬಾಯಿಗೆ ಬರುವುದು 1961ರ ಕಾಯ್ದೆಯ ಸಂಖ್ಯೆಗಳೇ, ಅವನ್ನೇ ಹೇಳುತ್ತೇನೆ. ವಹಿವಾಟು 2 ಕೋಟಿಯೊಳಗಿದ್ದರೆ, ನಗದು ಸ್ವೀಕೃತಿ ಶೇ 5ರೊಳಗಿದ್ದರೆ 3 ಕೋಟಿಯವರೆಗೂ, ಅದರ ಶೇ 8ನ್ನು ಲಾಭವೆಂದು ತೋರಿಸಿ ತೆರಿಗೆ ಕಟ್ಟಬಹುದು. ಬ್ಯಾಂಕಿನ ಮೂಲಕ ಬಂದ ಭಾಗಕ್ಕೆ ಶೇ 6. ಹೀಗೆ ತೋರಿಸುವವರು ಆದಾಯ ತೆರಿಗೆಗಾಗಿ ಪುಸ್ತಕ ಇಡಬೇಕಾಗಿಲ್ಲ. ಆದರೆ ಜಿಎಸ್‌ಟಿ ನೋಂದಣಿ ಇದ್ದರೆ ಅದರ ಲೆಕ್ಕ ಬೇರೆಯೇ ಇಡಬೇಕು. ಅಲ್ಲಿ ಒಂದು ಗುಂಡಿಯಿದೆ, ನಮ್ಮವರು ಅನೇಕರು ಬಿದ್ದಿದ್ದಾರೆ. ಸಾಮಾನು ಮಾರುವವರಿಗೆ ಮಹಾರಾಷ್ಟ್ರದಲ್ಲಿ ನೋಂದಣಿಯ ಮಿತಿ 40 ಲಕ್ಷ. ನಾವು ವೈರು, ಸ್ವಿಚ್ಚುಗಳನ್ನೂ ಸೇರಿಸಿಯೇ ಬಿಲ್ಲು ಮಾಡುತ್ತೇವಲ್ಲ, ನಮಗೂ 40 ಎಂದುಕೊಳ್ಳುತ್ತಾರೆ. ಸಾಮಾನು ಸಹಿತ ಕಟ್ಟಡಕ್ಕೆ ಜೋಡಿಸಿಕೊಡುವ ಕೆಲಸ ವರ್ಕ್ಸ್ ಕಾಂಟ್ರಾಕ್ಟ್. ಜಿಎಸ್‌ಟಿಯ ಕಣ್ಣಿಗೆ ಅದು ಸೇವೆ. ಮಿತಿ 20 ಲಕ್ಷ. ಏಪ್ರಿಲ್‌ನಿಂದ ಈವರೆಗಿನ ಬಿಲ್ಲುಗಳ ಮೊತ್ತ ಎಷ್ಟಾಯಿತು ಎಂದು ಒಂದು ಕ್ಷಣದಲ್ಲಿ ಹೇಳದ ಲೆಕ್ಕ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಇನ್ನು ಆ 2,400. ಈ ಭಾಷಣಕ್ಕೆ ತಯಾರಾಗಲು ನಿನ್ನೆ ರಾತ್ರಿ ಹಳೆಯ ಬ್ಯಾಂಕ್ ಪಟ್ಟಿಗಳನ್ನು ತೆಗೆದು ಕುಳಿತಿದ್ದೆ. ಹಣ ಬಂದಿದೆ. ಯುಪಿಐ ಮೂಲಕ, ನಾಲ್ಕು ವರ್ಷಗಳ ಹಿಂದಿನ ಒಂದು ಗುರುವಾರ, ನನ್ನ ಮನೆಯ ಖಾತೆಗೆ. ಮೊಬೈಲ್ ಸಂಖ್ಯೆಗೆ ಜೋಡಿಸಿದ್ದ ಖಾತೆ ಅದು. ವ್ಯವಹಾರದ ಪುಸ್ತಕಕ್ಕೆ ಆ ಖಾತೆ ಗೊತ್ತೇ ಇಲ್ಲ. ಹಾಲಿನವನಿಗೆ ಕೊಟ್ಟದ್ದು, ಮಗಳ ಟ್ಯೂಷನ್ ಶುಲ್ಕ, ಇವುಗಳ ನಡುವೆ ಬಳಗದ 2,400 ತೆಪ್ಪಗೆ ಕುಳಿತಿತ್ತು. ಕಾರ್ಯದರ್ಶಿಗಳೇ, ನಿಮ್ಮ ಪುಸ್ತಕವೇ ಸರಿ. ನಾಲ್ಕು ವರ್ಷ ನಿಮ್ಮನ್ನು ಮನಸ್ಸಿನಲ್ಲೇ ಬೈದದ್ದಕ್ಕೆ ಕ್ಷಮೆಯಿರಲಿ.

(ಇಲ್ಲಿ ಸಭೆ ಸ್ವಲ್ಪ ಹೊತ್ತು ನನ್ನ ಕೈಯಲ್ಲಿರಲಿಲ್ಲ.)

ವ್ಯವಹಾರಕ್ಕೆ ಬೇರೆಯೇ ಬ್ಯಾಂಕ್ ಖಾತೆ, ಆ ಖಾತೆಗೆ ಬೇರೆಯೇ ಯುಪಿಐ ಐಡಿ. ಇದು ಆ್ಯಪ್ ಅಲ್ಲ, ಆದರೆ ಲೆಕ್ಕದ ಸಾಧನಗಳಲ್ಲಿ ಇದಕ್ಕೇ ಮೊದಲ ಸ್ಥಾನ. ಇದಾದರೆ ಬ್ಯಾಂಕಿನ ಪಟ್ಟಿಯೇ ಅರ್ಧ ಪುಸ್ತಕ.

ಕಂಪ್ಯೂಟರ್ ಬಗ್ಗೆ ಹೇಳುವುದಾದರೆ ನಾನು 2005ಕ್ಕೆ ಹೋಗಬೇಕು. ಕುರ್ಲಾದಲ್ಲಿ ನೆಲಮಹಡಿಯಲ್ಲಿ ಒಂದು ಗಾಳೆ, ಅಂದರೆ ಅಂಗಡಿ ಕೋಣೆ, ಬಾಡಿಗೆಗೆ ಹಿಡಿದಿದ್ದೆ. ಕಂಪ್ಯೂಟರ್, ಅದರಲ್ಲಿ ಲೆಕ್ಕದ ಸಾಫ್ಟ್‌ವೇರ್, ವಾರಕ್ಕೊಮ್ಮೆ ಬಂದು ಬರೆದು ಹೋಗುವ ಹುಡುಗ. ದೊಡ್ಡ ಮನುಷ್ಯನಾದೆ ಎಂದುಕೊಂಡಿದ್ದೆ. ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಇಪ್ಪತ್ತನಾಲ್ಕು ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಬಿತ್ತು. ಆ ದಿನ ಎಲ್ಲಿದ್ದಿರಿ ಎಂದು ಕೇಳಿದರೆ ಮುಂಬಯಿಯ ಪ್ರತಿಯೊಬ್ಬರಲ್ಲೂ ಒಂದು ಕಥೆಯಿದೆ. ನಾನು ಅಂಧೇರಿಯ ಸೈಟಿನಲ್ಲಿ ಸಿಮೆಂಟ್ ಚೀಲಗಳ ಮೇಲೆ ಮಲಗಿದ್ದೆ. ಮಿಠಿ ನದಿಯ ನೀರು ಇಳಿದ ಮೇಲೆ ಗಾಳೆಗೆ ಹೋದರೆ ಕಂಪ್ಯೂಟರಿನ ಒಳಗಿನಿಂದ ಕೆಸರು ಸೋರುತ್ತಿತ್ತು. ಬ್ಯಾಕಪ್ ತೆಗೆದಿರಲಿಲ್ಲವೇ ಎಂದು ಕೇಳುತ್ತೀರಿ. ತೆಗೆದಿದ್ದೆ. ಪ್ರತಿ ಶನಿವಾರ, ತಪ್ಪದೆ, ಫ್ಲಾಪಿಗಳಲ್ಲಿ. ಅದೇ ಮೇಜಿನ ಕೆಳಗಿನ ಖಾನೆಯಲ್ಲಿ ಇಟ್ಟಿದ್ದೆ. ಉಳಿದದ್ದು ನನ್ನ ಸಿ.ಎ. ಅವರ ಮೂರನೆಯ ಮಹಡಿಯ ಕಚೇರಿಯಲ್ಲಿದ್ದ ಕಾಗದದ ಪ್ರತಿಗಳು ಮಾತ್ರ. ಮಾರ್ಚ್‌ನಿಂದ ಜುಲೈವರೆಗಿನ ಲೆಕ್ಕವನ್ನು ಲೋಹಾರ್ ಚಾಳಿನ ಅಂಗಡಿಗಳಿಗೆ ಹೋಗಿ, ಅವರ ಪುಸ್ತಕದಿಂದ ನನ್ನ ಖರೀದಿ ಬರೆದುಕೊಂಡು ಮತ್ತೆ ಕಟ್ಟಿದೆ. ಅವರ ಪುಸ್ತಕಗಳು ಮೇಲಿನ ಅಟ್ಟದಲ್ಲಿದ್ದವು. ಪೀಳಿಗೆಗಳಿಂದ ಮುಂಬಯಿ ಮಳೆ ಕಂಡವರು.

ಈಗಿನ ಕ್ಲೌಡ್ ಸೇವೆಗಳಿಗೆ ಮಿಠಿ ನದಿಯ ಭಯವಿಲ್ಲ. ಆದರೆ ಅವುಗಳ ಪ್ರವಾಹ ಬೇರೆ ರೀತಿಯದು. ಕ್ವಿಕ್‌ಬುಕ್ಸ್ ಲೋಕದಾದ್ಯಂತ ಹೆಸರಾದ ಸಾಫ್ಟ್‌ವೇರ್, ದೊಡ್ಡ ಕಂಪನಿಯದು. 2023ರಲ್ಲಿ ಅದು ಭಾರತದಲ್ಲಿ ಸೇವೆಯನ್ನು ನಿಲ್ಲಿಸಿತು. ಬಳಕೆದಾರರು ತಮ್ಮ ಮಾಹಿತಿ ಹೊರತೆಗೆದುಕೊಂಡು ಬೇರೆ ಕಡೆ ಹೋಗಬೇಕಾಯಿತು. ಅದರಲ್ಲಿ ಮೋಸವೇನೂ ಇಲ್ಲ, ಕಂಪನಿ ತನ್ನ ವ್ಯಾಪಾರ ನೋಡಿಕೊಂಡಿತು. ಆದರೆ ಜಿಎಸ್‌ಟಿ ದಾಖಲೆಗಳನ್ನು ವಾರ್ಷಿಕ ರಿಟರ್ನ್‌ನ ಗಡುವಿನಿಂದ 72 ತಿಂಗಳು ಕಾಪಾಡಬೇಕೆಂದು ಕಾನೂನು ಹೇಳುತ್ತದೆ. ಆರು ವರ್ಷ. ನಿಮ್ಮ ಮೊಬೈಲ್ ಆರು ವರ್ಷ ಬಾಳುತ್ತದೆಯೇ? ಆ್ಯಪ್‌ನ ಕಂಪನಿ ಬಾಳುತ್ತದೆಯೇ? ಹಾಗಾಗಿ ಮೂರನೆಯ ಪ್ರಶ್ನೆ: ಎಲ್ಲ ನಮೂದುಗಳನ್ನೂ ಎಕ್ಸೆಲ್ ಕಡತವಾಗಿ ಹೊರತೆಗೆಯಬಹುದೇ? ಅದನ್ನು ಕೊಳ್ಳುವ ಮೊದಲೇ, ಉಚಿತ ಅವಧಿಯಲ್ಲೇ, ಹತ್ತು ನಮೂದು ಹಾಕಿ ಹೊರತೆಗೆದು ನೋಡಿ. ಬರೀ ಮೊತ್ತಗಳಷ್ಟೇ ಬಂದರೆ ಸಾಲದು. ತಾರೀಕು, ಸೈಟು, ವಿವರ ಎಲ್ಲವೂ ಬರಬೇಕು.

ಕಡತ ಎಂದಾಗ ನೆನಪಾಯಿತು. ಈಗ ನಾವು ಫೈಲಿಗೆ ಕಡತ ಎನ್ನುತ್ತೇವೆ. ಹಿಂದೆ ಕಡತವೆಂದರೆ ಬಟ್ಟೆ. ಹುಣಸೆಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು, ಕಪ್ಪಾಗಿ ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಮೇಲೆ ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದರು. ವ್ಯಾಪಾರಿಗಳು ಬಳಸುತ್ತಿದ್ದ ಈ ಕಡತದ ಗುಣವೆಂದರೆ ಒರೆಸಿ ಮತ್ತೆ ಬರೆಯಬಹುದಿತ್ತು. ಅಂದಿನ ಕಾಲಕ್ಕೆ ಅದು ಉಳಿತಾಯ. ಇಂದಿನ ಲೆಕ್ಕಕ್ಕೆ ಅದೇ ರೋಗ. ಕೆಲವು ಆ್ಯಪ್‌ಗಳಲ್ಲಿ ಹೋದ ವರ್ಷದ ಬಿಲ್ಲನ್ನು ಇವತ್ತು ತೆರೆದು ಮೊತ್ತ ತಿದ್ದಬಹುದು, ತಿದ್ದಿದ ಗುರುತೂ ಉಳಿಯುವುದಿಲ್ಲ. ಕಂಪನಿಗಳಿಗೆ 2023ರ ಏಪ್ರಿಲ್ 1ರಿಂದ, ಪ್ರತಿ ತಿದ್ದುಪಡಿಯ ಜಾಡು ದಾಖಲಾಗುವ ಮತ್ತು ಆ ಜಾಡನ್ನು ಆರಿಸಲಾಗದ ಸಾಫ್ಟ್‌ವೇರನ್ನೇ ಬಳಸಬೇಕೆಂಬ ನಿಯಮ ಬಂದಿದೆ. ನಮ್ಮಂಥ ಒಂಟಿ ಮಾಲೀಕರಿಗೆ ಆ ಕಟ್ಟುಪಾಡಿಲ್ಲ. ಆದರೂ ನಾನು ಅಂಥದ್ದನ್ನೇ ಬಯಸುತ್ತೇನೆ. ತಿದ್ದುವವರು ಬೇರೆ ಯಾರೋ ಅಲ್ಲ, ರಾತ್ರಿ ಹನ್ನೊಂದಕ್ಕೆ ನಿದ್ದೆಗಣ್ಣಿನಲ್ಲಿ ಕುಳಿತ ನಾನೇ.

ಟ್ಯಾಲಿಯ ಬಗ್ಗೆ ಎರಡು ಮಾತು ಹೇಳದಿದ್ದರೆ ಬೆಂಗಳೂರಿಗೆ ಅನ್ಯಾಯವಾದೀತು. ಜವಳಿ ಗಿರಣಿಗಳಿಗೆ ಕಚ್ಚಾ ಮಾಲು, ಯಂತ್ರಗಳ ಬಿಡಿಭಾಗ ಪೂರೈಸುತ್ತಿದ್ದ ಶ್ಯಾಮ್ ಸುಂದರ್ ಗೋಯೆಂಕಾ ಅವರಿಗೆ ತಮ್ಮ ಲೆಕ್ಕಕ್ಕೆ ಹೊಂದುವ ಸಾಫ್ಟ್‌ವೇರ್ ಸಿಗಲಿಲ್ಲ. ಮಗ ಭರತ್ ಗೋಯೆಂಕಾಗೆ ಬರೆಯಲು ಹೇಳಿದರು. 1986ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಕಂಪನಿ ಅದು. ನಮ್ಮ ಸಿ.ಎ.ಗಳಲ್ಲಿ ಹೆಚ್ಚಿನವರ ಕಚೇರಿಯಲ್ಲಿ ಇಂದಿಗೂ ಅದೇ ಓಡುವುದು. ಅದೇ ಅದರ ದೊಡ್ಡ ಗುಣ: ಕಡತವನ್ನು ಕೊಟ್ಟರೆ ಅವರು ಮರುಮಾತಿಲ್ಲದೆ ತೆಗೆದುಕೊಳ್ಳುತ್ತಾರೆ. ಕಲಿಯಬೇಕೆನ್ನುವವರು ಹಣ ಕೊಡದೆ ಕಲಿಕೆಯ ವಿಧಾನದಲ್ಲಿ ಹಾಕಿಕೊಳ್ಳಬಹುದು. ತಿಂಗಳ 1, 2 ಮತ್ತು 31ನೇ ತಾರೀಕುಗಳನ್ನು ಮಾತ್ರ ಅದು ಒಪ್ಪುತ್ತದೆ, ಕಲಿಯಲು ಅಷ್ಟು ಸಾಕು. ಸೈಟಿನ ಧೂಳಿನಲ್ಲಿ ನಿಂತು ಅದರಲ್ಲಿ ಬರೆಯಲು ಹೋಗಬೇಡಿ. ಅದು ಮೇಜಿನ ಮುಂದೆ ಕುಳಿತು ಬರೆಯುವವರ ಸಾಧನ.

ಮೊಬೈಲಿನಲ್ಲೇ ಬಿಲ್ಲು ಮಾಡಬೇಕೆನ್ನುವವರಿಗೆ ವ್ಯಾಪಾರ್‌ನಂಥವು ಇವೆ. ಎರಡು ಬದಿಯ ಲೆಕ್ಕವನ್ನು ಚೊಕ್ಕವಾಗಿ, ಉಚಿತವಾಗಿ ಇಡಬಲ್ಲ ಗ್ನುಕ್ಯಾಶ್ ಇದೆ, ಆದರೆ ಅದಕ್ಕೆ ನಮ್ಮ ಜಿಎಸ್‌ಟಿ ರಿಟರ್ನ್‌ನ ಪರಿಚಯವಿಲ್ಲ. ಜಿಎಸ್‌ಟಿ ನೋಂದಣಿಯಿದ್ದು ವಹಿವಾಟು 1.5 ಕೋಟಿಯೊಳಗಿರುವವರಿಗೆ ಜಿಎಸ್‌ಟಿ ಜಾಲತಾಣದ ಮೂಲಕವೇ ಉಚಿತ ಲೆಕ್ಕದ ಸಾಫ್ಟ್‌ವೇರ್ ಸಿಗುವ ಏರ್ಪಾಡಿದೆ, ಇಲ್ಲಿ ಎಷ್ಟು ಜನ ನೋಡಿದ್ದೀರಿ? ಒಬ್ಬರೂ ಇಲ್ಲ. ನಾನೂ ಹೋದ ವರ್ಷವೇ ನೋಡಿದ್ದು. ಸಾಫ್ಟ್‌ವೇರ್ ನಿಜಕ್ಕೂ ಬೆವರು ಉಳಿಸುವುದು ಒಂದು ಕೆಲಸದಲ್ಲಿ: ಅಂಗಡಿಯವರು ನಮ್ಮ ಖರೀದಿಯನ್ನು ತಮ್ಮ ರಿಟರ್ನ್‌ನಲ್ಲಿ ತೋರಿಸಿದ್ದಾರೋ ಇಲ್ಲವೋ ಎಂದು ಪ್ರತಿ ತಿಂಗಳ 14ರ ಹೊತ್ತಿಗೆ ಜಿಎಸ್‌ಟಿ ಜಾಲತಾಣದಲ್ಲಿ ಬರುವ 2ಬಿ ಪಟ್ಟಿಯೊಂದಿಗೆ ತಾಳೆ ನೋಡುವುದು. ಅವರು ತೋರಿಸದಿದ್ದರೆ ನಮಗೆ ಕ್ರೆಡಿಟ್ ಇಲ್ಲ, ಅಂದರೆ ಖರೀದಿಗೆ ಕೊಟ್ಟ ಜಿಎಸ್‌ಟಿಯನ್ನು ನಾವು ಕಟ್ಟಬೇಕಾದದ್ದರಲ್ಲಿ ಕಳೆಯುವಂತಿಲ್ಲ, ಪಕ್ಕಾ ಬಿಲ್ಲು ಕೈಯಲ್ಲಿದ್ದರೂ ಇಲ್ಲ. ಕೈಯಿಂದ ಅರುವತ್ತು ಬಿಲ್ಲು ತಾಳೆ ನೋಡಿದವರಿಗೆ ಆ ಕಷ್ಟ ಗೊತ್ತು.

ನಾನು ಈಗ ಮಾಡುವುದೇನು ಎಂದು ಕೇಳುತ್ತೀರಲ್ಲ. ಸೈಟಿನಲ್ಲಿ ಸಾಮಾನು ಬಂದ ಕೂಡಲೇ ಬಿಲ್ಲಿನ ಫೋಟೊ. ಅಂಗಡಿಗಳ ಯಂತ್ರದಿಂದ ಬರುವ ನುಣುಪು ಕಾಗದದ ಚೀಟಿಗಳು ಎಂಟು ತಿಂಗಳಲ್ಲಿ ಬಿಳಿ ಹಾಳೆಯಾಗುತ್ತವೆ, ಅಂಗಿಯ ಜೇಬಿನಲ್ಲಿದ್ದರೆ ಇನ್ನೂ ಬೇಗ. ಫೋಟೊದ ಮೇಲೆ ಸೈಟಿನ ಹೆಸರು. ಸಂಜೆ ದಾದರಿನಲ್ಲಿ ರೈಲು ಹತ್ತಿದ ಮೇಲೆ, ಸೀಟು ಸಿಕ್ಕರೆ, ಏಳು ಕಾಲಂಗಳ ಒಂದು ಹಾಳೆಯಲ್ಲಿ ನಮೂದು: ತಾರೀಕು, ಸೈಟು, ಯಾರಿಗೆ ಅಥವಾ ಯಾರಿಂದ, ಯಾತಕ್ಕೆ, ಜಮಾ, ಖರ್ಚು, ನಗದೋ ಬ್ಯಾಂಕೋ. ಸೀಟು ಸಿಗದಿದ್ದರೆ ಠಾಣೆ ದಾಟಿದ ಮೇಲೆ. ಹುಡುಗರಿಗೆ ಕೊಟ್ಟ ಉಚಲ್ ಹಣವನ್ನು, ಅಂದರೆ ಕೂಲಿಯ ಮುಂಗಡವನ್ನು, ಅಲ್ಲೇ, ಅವರೆದುರೇ ಬರೆಯುತ್ತೇನೆ, ಶನಿವಾರದ ಬಟವಾಡೆಯಲ್ಲಿ ಜಗಳ ಬರುವುದು ಅಲ್ಲೇ ಆದ್ದರಿಂದ. ತಿಂಗಳಿಗೊಮ್ಮೆ ಹಾಳೆಯನ್ನು ಮಗಳಿಗೆ ಕಳುಹಿಸುತ್ತೇನೆ, ಅವಳು ಟ್ಯಾಲಿಗೆ ಏರಿಸುತ್ತಾಳೆ. ಒಂದು ಪ್ರತಿ ಸಿ.ಎ.ಗೆ. ನನ್ನ ಲೆಕ್ಕ ಈಗ ಮೂರು ಕಡೆ ಇರುತ್ತದೆ, ಯಾವುದೂ ನೆಲಮಹಡಿಯಲ್ಲಿಲ್ಲ.

ಪ್ರಶ್ನೆಗಳಿಗೆ ಬರೋಣ. ಹಿಂದಿನ ಸಾಲಿನ ತಂಗಿ ಕೇಳಿದರು: “ನನಗೆ ಸಾಮಾನಿಲ್ಲ, ಹುಡುಗರಿಲ್ಲ, ಸೈಟಿಲ್ಲ. ಲ್ಯಾಪ್‌ಟಾಪಿನಲ್ಲಿ ಮನೆಗಳ ಒಳಾಂಗಣ ವಿನ್ಯಾಸ ಮಾಡಿಕೊಡುತ್ತೇನೆ. ನನಗೂ ಇಷ್ಟೆಲ್ಲ ಬೇಕೇ?” ಬೇಡ. ನಿಮ್ಮದು ಇನ್ನೊಂದು ಜಾತಿಯ ಲೆಕ್ಕ. ವಿನ್ಯಾಸವನ್ನಷ್ಟೇ ಮಾಡಿಕೊಟ್ಟು ಶುಲ್ಕ ಪಡೆದರೆ ಒಳಾಂಗಣ ಅಲಂಕಾರ ವೃತ್ತಿಗಳ ಪಟ್ಟಿಯಲ್ಲಿ ಬರುತ್ತದೆ. 44ಎಡಿಎ ಅನ್ವಯ ಸ್ವೀಕೃತಿಯ ಶೇ 50 ಆದಾಯವೆಂದು ತೋರಿಸಬಹುದು. ಮಿತಿ 50 ಲಕ್ಷ, ನಗದು ಶೇ 5ರೊಳಗಿದ್ದರೆ 75 ಲಕ್ಷ. ಅದೇ ಮನೆಯ ಮರಗೆಲಸ, ಪೇಂಟಿಂಗ್ ಎಲ್ಲವನ್ನೂ ಗುತ್ತಿಗೆ ಹಿಡಿದರೆ ಅದು ವ್ಯಾಪಾರ, ನನ್ನ ಸಾಲಿಗೆ ಬರುತ್ತೀರಿ. ಎರಡನ್ನೂ ಮಾಡುವವರು ಎರಡನ್ನೂ ಒಂದೇ ಬಿಲ್ಲಿನಲ್ಲಿ ಕಲಸದಿರುವುದು ಒಳ್ಳೆಯದು. ನಿಮ್ಮ ಗಂಟೆಗಳನ್ನು ಬರೆದಿಡಿ. ನಿಮ್ಮ ಸಾಮಾನು ಅದೇ.

ಕೊನೆಗೆ ಎದ್ದವರು ಮದುವೆ, ಉಪನಯನಗಳಿಗೆ ಅಡುಗೆ ಗುತ್ತಿಗೆ ಹಿಡಿಯುವ ಅಕ್ಕ. “ನನಗೆ ಈ ಮೊಬೈಲು, ಕಾಲಂ ಎಲ್ಲ ಆಗದು. ಇದು ಸಾಲದೇ?” ಎಂದು ಚೀಲದಿಂದ ಒಂದು ನೋಟ್‌ಬುಕ್ ತೆಗೆದು ಕೊಟ್ಟರು. ನಾನು ಅಲ್ಲೇ ತೆರೆದು ನೋಡಿದೆ. ಒಂದು ಕಾರ್ಯಕ್ರಮಕ್ಕೆ ಒಂದು ಹಾಳೆ. ಮೇಲೆ ಮನೆಯವರ ಹೆಸರು, ಎಲೆಗಳ ಸಂಖ್ಯೆ, ಒಪ್ಪಿದ ದರ, ಮುಂಗಡ ಬಂದ ತಾರೀಕು. ಕೆಳಗೆ ದಿನಸಿ, ತರಕಾರಿ, ಬಡಿಸುವ ಹುಡುಗರ ಕೂಲಿ. ಕೊನೆಯ ಸಾಲಿನಲ್ಲಿ ಉಳಿದದ್ದು. ನನಗೆ ಹನ್ನೊಂದು ಸೈಟು, ಎರಡು ಆ್ಯಪ್, ಒಬ್ಬ ಮಗಳು ಬೇಕಾದ ವಿದ್ಯೆ ಅದರಲ್ಲಿ ಮೊದಲ ಪುಟದಿಂದಲೇ ಇತ್ತು. ಸಾಕು ಅಕ್ಕಾ, ವಾರಕ್ಕೊಮ್ಮೆ ಹಾಳೆಗಳ ಫೋಟೊ ತೆಗೆದು ಮಗನ ಮೊಬೈಲಿಗೆ ಕಳುಹಿಸಿ, ಅಷ್ಟೇ ಸೇರಿಸಿ ಎಂದೆ. ಮೇ ತಿಂಗಳ ಒಂದು ಮದುವೆಯ ಹಾಳೆಯ ಮೂಲೆ ಎಣ್ಣೆ ಬಿದ್ದು ಪಾರದರ್ಶಕವಾಗಿತ್ತು, ಒಂದು ಅಂಕಿ ಓದಲಾಗಲಿಲ್ಲ. ಬೆರಳಿಟ್ಟು ತೋರಿಸಿದೆ. ಅವರು ಬಗ್ಗಿಯೂ ನೋಡದೆ ಹೇಳಿದರು: “ಗ್ಯಾಸು, ಮೂರು ಸಿಲಿಂಡರ್. ನಾಲ್ಕನೆಯದು ಮನೆಯವರದೇ.”